ಬೀಜವಿಲ್ಲದ ದ್ರಾಕ್ಷಿಗೆ ಎರಡು ನಿರೋಧಕ ಜೀನ್‌ಗಳನ್ನು ಕೂಡಿಸಿದ ಬಗೆ

ದ್ರಾಕ್ಷಿಯ ಬೂಜು ತುಪ್ಪಟ ರೋಗವನ್ನು ತಡೆಯುವ ಜೀನ್‌ಗಳು ಯಾವ ವರ್ಣತಂತುವಿನಲ್ಲಿವೆ ಎಂಬುದು ಗೊತ್ತಿದೆ. ಹಣ್ಣಿನಲ್ಲಿ ಬೀಜ ಬೆಳೆಯದಂತೆ ಮಾಡುವ ಜೀನ್‌ ಯಾವುದೆಂಬುದೂ ಗೊತ್ತಿದೆ. ಇವುಗಳನ್ನು ಗುರುತಿಸುವ ಡಿಎನ್‌ಎ ಮಾರ್ಕರ್‌ಗಳು ಪ್ರಕಟವಾಗಿ ವರ್ಷಗಳೇ ಕಳೆದಿವೆ. ಹಾಗಿದ್ದ ಮೇಲೆ ಇವನ್ನೆಲ್ಲ ಒಂದೇ ಬಳ್ಳಿಗೆ ತರಲು ಇಷ್ಟು ಕಾಲ ಏಕೆ ಹಿಡಿಯುತ್ತದೆ ಎಂದು ಬೇರೆ ಬೆಳೆಗಳ ಮೇಲೆ ಕೆಲಸ ಮಾಡುವ ಗೆಳೆಯರು ಕೇಳುವುದುಂಟು. ಬಳ್ಳಿ ಹೂ ಬಿಡಲು ವರ್ಷಗಟ್ಟಲೆ ಕಾಯಬೇಕು ಎಂಬುದು ಎಲ್ಲರೂ ಕೊಡುವ ಉತ್ತರ. ಅದು ಸುಳ್ಳಲ್ಲ. ಆದರೆ ನನ್ನ ಕೆಲಸದಲ್ಲಿ ನಿಜವಾದ ತೊಡಕು ಇದ್ದದ್ದು 18ನೇ ವರ್ಣತಂತುವಿನ ಒಂದು ತುದಿಯಲ್ಲಿ.

ಬೂಜು ತುಪ್ಪಟ ರೋಗವನ್ನು ತರುವುದು ಪ್ಲಾಸ್ಮೊಪಾರಾ ವಿಟಿಕೋಲಾ ಎಂಬ ಸೂಕ್ಷ್ಮಜೀವಿ. ನೋಡಲು ಶಿಲೀಂಧ್ರದಂತಿದ್ದರೂ ಇದು ಶಿಲೀಂಧ್ರವಲ್ಲ, ಊಮೈಸೀಟ್ ಗುಂಪಿಗೆ ಸೇರಿದ್ದು. ಉತ್ತರ ಅಮೆರಿಕದ ಕಾಡು ದ್ರಾಕ್ಷಿಗಳ ಜೊತೆಯಲ್ಲೇ ಬೆಳೆದು ಬಂದ ಈ ರೋಗ 1878ರಲ್ಲಿ ಯೂರೋಪಿನ ತೋಟಗಳಲ್ಲಿ ಕಾಣಿಸಿಕೊಂಡಿತು. ನಾವು ತಿನ್ನುವ, ಮದ್ಯ ಮಾಡುವ ವಿಟಿಸ್ ವಿನಿಫೆರಾ ತಳಿಗಳು ಅದನ್ನು ಎಂದೂ ಎದುರಿಸಿರಲಿಲ್ಲ, ಹಾಗಾಗಿ ಅವುಗಳಲ್ಲಿ ಹೆಚ್ಚಿನವಕ್ಕೆ ತಡೆಯುವ ಶಕ್ತಿಯೇ ಇಲ್ಲ. ನಿರೋಧಕತೆ ಬೇಕೆಂದರೆ ಅಮೆರಿಕದ ಅಥವಾ ಏಷ್ಯಾದ ಕಾಡು ಸಂಬಂಧಿಗಳ ಬಳಿಗೇ ಹೋಗಬೇಕು. ಅಲ್ಲಿಂದ ತಂದ ಜೀನ್‌ ನೆಲೆಗಳಿಗೆ ಆರ್‌ಪಿವಿ ಎಂದು ಹೆಸರಿಟ್ಟು ಕ್ರಮಸಂಖ್ಯೆ ಕೊಡುತ್ತಾ ಬಂದಿದ್ದಾರೆ. ನಾನು ಆರಿಸಿಕೊಂಡದ್ದು ಆರ್‌ಪಿವಿ-1 ಮತ್ತು ಆರ್‌ಪಿವಿ-3.

ಆರ್‌ಪಿವಿ-1 ಬಂದದ್ದು ಮಸ್ಕಡೈನ್ ದ್ರಾಕ್ಷಿಯಿಂದ. ಅದಕ್ಕೆ 40 ವರ್ಣತಂತುಗಳು, ನಮ್ಮ ದ್ರಾಕ್ಷಿಗೆ 38. ಇವೆರಡರ ಮೊದಲ ಸಂಕರಗಳು ಬಹುಮಟ್ಟಿಗೆ ಬಂಜೆ. ಫ್ರಾನ್ಸಿನಲ್ಲಿ ತಳಿ ವಿಜ್ಞಾನಿ ಅಲೇನ್ ಬೂಕೆ 1970ರ ದಶಕದಿಂದ ಆರಂಭಿಸಿ, ತಲೆಮಾರಿನಿಂದ ತಲೆಮಾರಿಗೆ ವಿನಿಫೆರಾ ಜೊತೆ ಮರುಸಂಕರಣ ಮಾಡುತ್ತಾ ಹೋಗಿದ್ದರಿಂದ ಇವತ್ತು ನಮ್ಮಂಥವರಿಗೆ ಹದಗೊಂಡ ಬಳ್ಳಿಗಳು ಸಿಗುತ್ತವೆ. ಈ ನೆಲೆ 12ನೇ ವರ್ಣತಂತುವಿನಲ್ಲಿದೆ. ಅದರ ಪಕ್ಕದಲ್ಲೇ ಬೂದಿ ರೋಗವನ್ನು ತಡೆಯುವ ರನ್-1 ಜೀನ್‌ ಅಂಟಿಕೊಂಡಿದೆ. ಒಂದನ್ನು ಆರಿಸಿದರೆ ಇನ್ನೊಂದು ತಾನಾಗಿ ಬರುತ್ತದೆ. ಈ ಕೆಲಸದಲ್ಲಿ ಪುಕ್ಕಟೆಯಾಗಿ ಸಿಕ್ಕಿದ್ದು ಇದೊಂದೇ.

ಆರ್‌ಪಿವಿ-3 ಅಮೆರಿಕದ ಕಾಡು ದ್ರಾಕ್ಷಿಯಿಂದ ಹಳೆಯ ಸಂಕರ ತಳಿಗಳ ಮೂಲಕ ಬಂದದ್ದು. ಬಿಯಾಂಕಾ, ರೀಜೆಂಟ್ ಮುಂತಾದ ತಳಿಗಳಲ್ಲಿದೆ. ಇದರ ಮೇಲೆ ಮಾತ್ರ ನಂಬಿಕೆಯಿಡುವ ಕಾಲ ಮುಗಿಯಿತು. ಬಿಯಾಂಕಾದ ನಿರೋಧಕತೆಯನ್ನು ಮುರಿಯುವ ರೋಗಾಣುಗಳು ಸಿಕ್ಕಿರುವುದು 2010ರಲ್ಲೇ ವರದಿಯಾಯಿತು. ಆ ತಳಿಯನ್ನು ವಿಶಾಲ ಪ್ರದೇಶದಲ್ಲೇನೂ ಬೆಳೆದಿರಲಿಲ್ಲ, ಆದರೂ ರೋಗಾಣು ದಾರಿ ಕಂಡುಕೊಂಡಿತ್ತು. ಸೇಬಿನವರು ಇದೇ ಪಾಠವನ್ನು ನಮಗಿಂತ ಮುಂಚೆ ಕಲಿತಿದ್ದರು. ಮಾಲಸ್ ಫ್ಲೋರಿಬಂಡಾ 821 ಎಂಬ ಒಂದೇ ಮರದಿಂದ ಬಂದ ವಿಎಫ್ ಜೀನನ್ನು (ಈಗ ಅದಕ್ಕೆ ಆರ್‌ವಿಐ-6 ಎಂದು ಹೆಸರು) ಹೊತ್ತ ತಳಿಗಳು ಸ್ಕ್ಯಾಬ್ ಎಂಬ ಕಜ್ಜಿ ರೋಗವನ್ನು ದಶಕಗಳ ಕಾಲ ತಡೆದವು. 1990ರ ದಶಕದ ಆರಂಭದಲ್ಲಿ ಅದನ್ನು ಮೀರುವ ರೋಗಾಣು ಜರ್ಮನಿಯಲ್ಲಿ ಸಿಕ್ಕಿರುವುದು ವರದಿಯಾಯಿತು. ಒಂದು ಜೀನ್‌ ಮೇಲೆ ಒಂದು ತೋಟವನ್ನು ನಿಲ್ಲಿಸಬಾರದು ಎಂದು ನಾನು ಹಟ ಹಿಡಿದದ್ದು ಈ ಎರಡು ಘಟನೆಗಳ ಕಾರಣಕ್ಕೆ.

ಎರಡು ಜೀನ್‌ ಕೂಡಿಸುವಾಗ ಮಾರ್ಕರ್ ಏಕೆ ಬೇಕೇ ಬೇಕು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಎಲೆಗೆ ರೋಗಾಣು ಸಿಂಪಡಿಸಿ ನೋಡಿದರೆ ನಿರೋಧಕ ಸಸಿ ಯಾವುದು, ಅಲ್ಲದ್ದು ಯಾವುದು ಎಂದು ಕಣ್ಣೇ ಹೇಳುತ್ತದೆ. ಆದರೆ ಆರ್‌ಪಿವಿ-1 ಒಂದೇ ಇರುವ ಸಸಿಯೂ ಎರಡೂ ಇರುವ ಸಸಿಯೂ ಒಂದೇ ರೀತಿ ಕಾಣುತ್ತವೆ. ಒಂದು ಜೀನ್‌ ಇನ್ನೊಂದರ ಕೆಲಸವನ್ನು ಮರೆಮಾಡುತ್ತದೆ. ಎಷ್ಟು ಜೀನ್‌ ಇವೆ ಎಂದು ಎಣಿಸಲು ಕಣ್ಣಿಗೆ ಆಗುವುದಿಲ್ಲ, ಡಿಎನ್‌ಎಗೆ ಮಾತ್ರ ಆಗುತ್ತದೆ.

ಇನ್ನು ಬೀಜರಹಿತ ಗುಣ. ಸುಲ್ತಾನಿನಾ, ಅಂದರೆ ಥಾಮ್ಸನ್ ಸೀಡ್‌ಲೆಸ್ ಎಂದು ಪರಿಚಿತವಾದ ತಳಿಯಲ್ಲಿ ಗರ್ಭಕಟ್ಟುವಿಕೆ ನಡೆಯುತ್ತದೆ, ಭ್ರೂಣವೂ ಹುಟ್ಟುತ್ತದೆ, ಆದರೆ ಬೀಜದ ಕವಚ ಗಟ್ಟಿಯಾಗುವ ಮುನ್ನವೇ ಬೆಳವಣಿಗೆ ನಿಂತುಬಿಡುತ್ತದೆ. ಹಣ್ಣಿನೊಳಗೆ ಮೆತ್ತನೆಯ ಕುರುಹಷ್ಟೇ ಉಳಿಯುತ್ತದೆ. ಇದನ್ನು ನಿರ್ಧರಿಸುವ ಪ್ರಬಲ ನೆಲೆಗೆ ಎಸ್‌ಡಿಐ ಎಂದು ಹೆಸರು. ಅಲ್ಲಿರುವ ಎಜಿಎಲ್-11 ಎಂಬ ಜೀನ್‌ನಲ್ಲಿ ಒಂದೇ ಒಂದು ಅಮೈನೊ ಆಮ್ಲವನ್ನು ಬದಲಿಸುವ ರೂಪಾಂತರವೇ ಕಾರಣ ಎಂದು 2018ರಲ್ಲಿ ತೋರಿಸಲಾಯಿತು. ಈ ನೆಲೆಯೂ 18ನೇ ವರ್ಣತಂತುವಿನಲ್ಲೇ ಇದೆ, ಆರ್‌ಪಿವಿ-3 ಇರುವ ಅದೇ ತುದಿಯಲ್ಲಿ, ಅದರಿಂದ ಹೆಚ್ಚು ದೂರವಿಲ್ಲದೆ.

ಹತ್ತಿರವಿದ್ದರೆ ಒಳ್ಳೆಯದಲ್ಲವೇ, ಎರಡೂ ಒಟ್ಟಿಗೇ ಬರುತ್ತವೆ ಎಂದು ಮೊದಲು ಅನ್ನಿಸುತ್ತದೆ. ಎರಡೂ ಒಂದೇ ತಂತುವಿನ ಮೇಲಿದ್ದರೆ ಹೌದು. ನನ್ನಲ್ಲಿ ಹಾಗಿರಲಿಲ್ಲ. ಬೀಜವಿಲ್ಲದ ತಂದೆಯಿಂದ ಬಂದ 18ನೇ ತಂತುವಿನಲ್ಲಿ ಎಸ್‌ಡಿಐ ಇದೆ, ನಿರೋಧಕತೆ ಇಲ್ಲ. ನಿರೋಧಕ ತಾಯಿಯಿಂದ ಬಂದ ತಂತುವಿನಲ್ಲಿ ಆರ್‌ಪಿವಿ-3 ಇದೆ, ಎಸ್‌ಡಿಐ ಇಲ್ಲ. ಮೊದಲ ತಲೆಮಾರಿನ ಸಸಿಯಲ್ಲಿ ಎರಡೂ ಇರುತ್ತವೆ, ಅದು ಬೀಜರಹಿತವೂ ಹೌದು, ನಿರೋಧಕವೂ ಹೌದು. ಆದರೆ ಅದು ಪರಾಗ ತಯಾರಿಸುವಾಗ ಪ್ರತಿ ಪರಾಗಕಣಕ್ಕೂ ಎರಡರಲ್ಲಿ ಒಂದು ತಂತು ಮಾತ್ರ ಹೋಗುತ್ತದೆ. ಎಸ್‌ಡಿಐ ಪಡೆದ ಪರಾಗಕಣಕ್ಕೆ ಆರ್‌ಪಿವಿ-3 ಇಲ್ಲ, ಆರ್‌ಪಿವಿ-3 ಪಡೆದದ್ದಕ್ಕೆ ಎಸ್‌ಡಿಐ ಇಲ್ಲ. ಎರಡು ನೆಲೆಗಳ ನಡುವಿನ ಆ ಚಿಕ್ಕ ಅಂತರದಲ್ಲಿ ತಂತುಗಳು ಮುರಿದು ಅದಲುಬದಲಾದರೆ ಮಾತ್ರ ಎರಡೂ ಒಂದೇ ತಂತುವಿಗೆ ಬರುತ್ತವೆ.

ಲೆಕ್ಕ ಹಾಕಿ ನೋಡಿ. ಅಂತರ 5 ಸೆಂಟಿಮಾರ್ಗನ್ (ತಂತುವಿನ ಮೇಲೆ ಜೀನ್‌ಗಳ ನಡುವಿನ ದೂರದ ಅಳತೆ) ಎಂದಿಟ್ಟುಕೊಳ್ಳೋಣ. ಆಗ ನೂರು ಪರಾಗಕಣಗಳಲ್ಲಿ ಐದರಲ್ಲಿ ಮರುಜೋಡಣೆ ಆಗಿರುತ್ತದೆ, ಅದರಲ್ಲಿ ಅರ್ಧ ನಮಗೆ ಬೇಕಾದದ್ದು, ಉಳಿದರ್ಧ ಎರಡೂ ಇಲ್ಲದ್ದು. ಅಂದರೆ ಶೇ 2.5. ಈ ಪರಾಗವನ್ನು ಹಚ್ಚುವ ಬೇರೊಂದು ತಾಯಿ ಬಳ್ಳಿಯಿಂದ ಆರ್‌ಪಿವಿ-1 ಬರುವ ಸಾಧ್ಯತೆ ಅರ್ಧ. ಗುಣಿಸಿದರೆ 80 ಸಸಿಗಳಿಗೆ ಒಂದು. ಮೂರೂ ನೆಲೆಗಳು ಬೇರೆಬೇರೆ ವರ್ಣತಂತುಗಳಲ್ಲಿ ಇದ್ದಿದ್ದರೆ 8ಕ್ಕೆ ಒಂದು ಸಿಗುತ್ತಿತ್ತು. ಅಂತರ ಇನ್ನೂ ಕಿರಿದಾದರೆ ಲೆಕ್ಕ ಇನ್ನೂ ಕೆಡುತ್ತದೆ.

ಇದನ್ನು ತಪ್ಪಿಸಿಕೊಳ್ಳುವ ದಾರಿಗಳಿವೆ. ಮೊದಲು ಬೀಜವಿರುವ ಬಳ್ಳಿಗಳಲ್ಲೇ ಎರಡೂ ನಿರೋಧಕ ಜೀನ್‌ಗಳನ್ನು ಕೂಡಿಸಿ, ಕೊನೆಯ ಸಂಕರಣದಲ್ಲಿ ಬೀಜವಿಲ್ಲದ ತಂದೆಯನ್ನು ತರಬಹುದು. ಮರುಜೋಡಣೆಯೇ ಬೇಕಾಗುವುದಿಲ್ಲ. ಕಾಗದದ ಮೇಲೆ ಇದೇ ಜಾಣ ದಾರಿ. ಆದರೆ ಕೊನೆಯ ಸಂಕರಣ ಎಂಬುದು ನಿಜವಾಗಿ ಕೊನೆಯದಾಗುವುದು ಬಹಳ ಅಪರೂಪ. ಕಾಯಿ ಚಿಕ್ಕದಾಗಿರುತ್ತದೆ, ಸಿಪ್ಪೆ ದಪ್ಪವಿರುತ್ತದೆ, ರುಚಿಯಲ್ಲಿ ಕಾಡಿನ ವಾಸನೆ ಇರುತ್ತದೆ, ಮತ್ತೆ ಒಳ್ಳೆಯ ತಿನ್ನುವ ದ್ರಾಕ್ಷಿಯ ಜೊತೆ ಸಂಕರಣ ಮಾಡಲೇಬೇಕಾಗುತ್ತದೆ. ಆಗ ಎಸ್‌ಡಿಐ ಒಂದು ತಂತುವಿನಲ್ಲಿ, ಆರ್‌ಪಿವಿ-3 ಇನ್ನೊಂದರಲ್ಲಿ, ಅದೇ ಗಂಟು ಪುನಃ ಬೀಳುತ್ತದೆ. ಇನ್ನೊಂದು ದಾರಿ ಬೀಜವಿಲ್ಲದ ತಾಯಿಯನ್ನೇ ಬಳಸಿ, ಭ್ರೂಣವನ್ನು ಗಾಜಿನ ಕೊಳವೆಯಲ್ಲಿ ಉಳಿಸಿ ಬೆಳೆಸುವುದು. ಗಂಟನ್ನು ಮುಂದೂಡುವುದಕ್ಕಿಂತ ಒಮ್ಮೆ ಬಿಚ್ಚುವುದೇ ಮೇಲು ಎಂದು ನಾನು ಮರುಜೋಡಣೆಯ ಹುಡುಕಾಟಕ್ಕೆ ಇಳಿದೆ.

ಸಂಕರಣಕ್ಕೆ ಮುನ್ನ ಒಂದು ಕೆಲಸವಿದೆ, ಅದನ್ನು ಬಿಡುವವರನ್ನು ಕಂಡರೆ ನನಗೆ ತಾಳ್ಮೆ ಉಳಿಯುವುದಿಲ್ಲ. ತಂದೆತಾಯಿ ಬಳ್ಳಿಗಳು ಫಲಕದ ಮೇಲೆ ಬರೆದ ತಳಿಯೇ ಹೌದೇ ಎಂದು ನೋಡಬೇಕು. ದ್ರಾಕ್ಷಿಯಲ್ಲಿ ಇದಕ್ಕೆ ಒಂಬತ್ತು ಮೈಕ್ರೊಸ್ಯಾಟಲೈಟ್ (ತಳಿಯಿಂದ ತಳಿಗೆ ಉದ್ದ ಬದಲಾಗುವ ಡಿಎನ್‌ಎ ತುಣುಕು) ಮಾರ್ಕರ್‌ಗಳ ಒಂದು ಒಪ್ಪಿತ ಕಟ್ಟು ಇದೆ. ವಿವಿಎಸ್-2, ವಿವಿಎಂಡಿ-5, ವಿವಿಎಂಡಿ-7 ಮುಂತಾದವು ಅದರಲ್ಲಿವೆ. ಹೊರಬಂದ ಅಳತೆಗಳನ್ನು ಜರ್ಮನಿಯಿಂದ ನಿರ್ವಹಿಸುವ ಅಂತರರಾಷ್ಟ್ರೀಯ ದ್ರಾಕ್ಷಿ ತಳಿ ಪಟ್ಟಿಯ ಜೊತೆ ಹೋಲಿಸಬಹುದು. ಇದೇ ಬಗೆಯ ಮಾರ್ಕರ್‌ಗಳಿಂದ ಕ್ಯಾಬರ್ನೆ ಸಾವಿನ್ಯೋನ್ ತಳಿಯು ಕ್ಯಾಬರ್ನೆ ಫ್ರಾಂಕ್ ಮತ್ತು ಸಾವಿನ್ಯೋನ್ ಬ್ಲಾಂಕ್‌ಗಳ ಮಗು ಎಂದು ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಜಾನ್ ಬವರ್ಸ್ ಮತ್ತು ಕ್ಯಾರೊಲ್ ಮೆರೆಡಿತ್ 1997ರಲ್ಲಿ ತೋರಿಸಿದ್ದು.

ಫಲಕವನ್ನು ನಂಬಬಾರದು ಎಂಬುದಕ್ಕೆ ಇನ್ನೂ ದೊಡ್ಡ ಉದಾಹರಣೆಯಿದೆ. 2007ರಲ್ಲಿ ಪ್ರಕಟವಾದ ದ್ರಾಕ್ಷಿಯ ಮೊದಲ ಜೀನೋಮ್, ಅಂದರೆ ಅದರ ಇಡೀ ಡಿಎನ್‌ಎಯ ಓದು, ಪಿಎನ್-40024 ಎಂಬ ಬಳ್ಳಿಯದು. ಪಿನೊ ನ್ವಾರ್ ತಳಿಯನ್ನು ತನ್ನದೇ ಪರಾಗದಿಂದ ತಲೆಮಾರುಗಟ್ಟಲೆ ಕಟ್ಟಿಸಿ ಪಡೆದದ್ದು ಎಂದೇ ನಾವೆಲ್ಲ ಓದಿದ್ದೆವು, ಬರೆದೆವು, ಪಾಠ ಮಾಡಿದೆವು. ಅದು ವಾಸ್ತವದಲ್ಲಿ ಪಿನೊ ನ್ವಾರ್ ಮತ್ತು ಸ್ಕಿಯಾವಾ ಗ್ರೊಸ್ಸಾ ತಳಿಗಳ ಸಂಕರವಾದ ಹೆಲ್ಫೆನ್‌ಸ್ಟೈನರ್‌ನಿಂದ ಬಂದದ್ದು ಎಂದು 2023ರಲ್ಲಿ ಗೊತ್ತಾಯಿತು. ಇಡೀ ಜಗತ್ತು ಆಧಾರವಾಗಿಟ್ಟುಕೊಂಡ ಬಳ್ಳಿಯ ವಂಶಾವಳಿಯೇ ಹೀಗಿದ್ದರೆ, ತೋಟದ ಮೂಲೆಯಲ್ಲಿ ತುಕ್ಕು ಹಿಡಿದ ತಗಡಿನ ಮೇಲಿರುವ ಹೆಸರನ್ನು ಯಾವ ಧೈರ್ಯದಿಂದ ನಂಬುವುದು?

ಹೂ ಬಿಡುವ ಕಾಲದ ಕೆಲಸ ಕೈಯದು, ಕಣ್ಣಿನದು. ದ್ರಾಕ್ಷಿಯ ಹೂ ಸಾಸಿವೆಗಿಂತ ತುಸು ದೊಡ್ಡದಿರಬಹುದು. ಅದರ ಐದು ದಳಗಳು ಮೇಲೆ ಅಂಟಿಕೊಂಡು ಟೋಪಿಯಂತಾಗಿರುತ್ತವೆ, ಅರಳುವಾಗ ಬುಡದಿಂದ ಬಿಡಿಸಿಕೊಂಡು ಟೋಪಿ ಉದುರುತ್ತದೆ. ಹೆಚ್ಚಿನ ತಳಿಗಳ ಹೂಗಳಲ್ಲಿ ಗಂಡು ಹೆಣ್ಣು ಎರಡೂ ಭಾಗಗಳಿರುವುದರಿಂದ ಟೋಪಿ ಉದುರುವ ಮೊದಲೇ ಚೂಪಾದ ಚಿಮುಟದಿಂದ ಟೋಪಿಯನ್ನೂ ಐದು ಕೇಸರಗಳನ್ನೂ ಕಿತ್ತು ತೆಗೆಯಬೇಕು, ಅಂಡಾಶಯಕ್ಕೆ ಗೀರು ಬೀಳಬಾರದು. ಗೊಂಚಲಿನಲ್ಲಿ ಉಳಿದ ಮೊಗ್ಗುಗಳನ್ನು ಕತ್ತರಿಸಿ ಹಾಕುತ್ತೇನೆ. ಆಮೇಲೆ ಕಾಗದದ ಚೀಲ. ಒಂದೆರಡು ದಿನಗಳಲ್ಲಿ ಶಲಾಕಾಗ್ರದ ಮೇಲೆ ಸಣ್ಣ ಹನಿ ಮಿನುಗಿದಾಗ ಕುಂಚದಿಂದ ಪರಾಗ ಹಚ್ಚುವುದು. ತಂದೆ ಬಳ್ಳಿ ಬೇಗ ಅರಳಿಬಿಡುವ ಸಂದರ್ಭ ಬಹಳ, ಆದ್ದರಿಂದ ಪರಾಗವನ್ನು ಒಣಗಿಸಿ, ಸಿಲಿಕಾ ಜೆಲ್ ಜೊತೆ ಮೈನಸ್ 20 ಡಿಗ್ರಿಯಲ್ಲಿ ಇಟ್ಟುಕೊಂಡಿರುತ್ತೇನೆ. ಸೇಬಿನವರಿಗೆ ಇಷ್ಟು ತಾಪತ್ರಯವಿಲ್ಲ. ಸೇಬು ತನ್ನದೇ ಪರಾಗವನ್ನು ಒಪ್ಪುವುದಿಲ್ಲ, 17ನೇ ವರ್ಣತಂತುವಿನ ಎಸ್ ನೆಲೆ ಅದನ್ನು ತಡೆಯುತ್ತದೆ. ತಂದೆತಾಯಿಯರ ಎಸ್ ರೂಪಗಳು ಬೇರೆಬೇರೆ ಇರಬೇಕು, ಅಷ್ಟೇ. ಅದಕ್ಕೆ ಪ್ರತಿಯಾಗಿ ಅವರ ಸಸಿಗಳು ಹೂ ಬಿಡಲು ನಮ್ಮವಕ್ಕಿಂತ ಹೆಚ್ಚು ವರ್ಷ ತೆಗೆದುಕೊಳ್ಳುತ್ತವೆ. ಬರ್ಚ್ ಮರದ ಜೀನೊಂದನ್ನು ಸೇರಿಸಿ ಸೇಬನ್ನು ಬೇಗ ಹೂ ಬಿಡಿಸುವ ದಾರಿಯನ್ನು ಜರ್ಮನಿಯವರು ಕಂಡುಕೊಂಡರು. ಕೊನೆಯ ತಲೆಮಾರಿನಲ್ಲಿ ಆ ಜೀನ್‌ ಇಲ್ಲದ ಸಸಿಗಳನ್ನು ಆರಿಸಿಕೊಂಡರಾಯಿತು. ಅದನ್ನು ಕಂಡಾಗಲೆಲ್ಲ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಗುತ್ತದೆ.

ಬೀಜಗಳನ್ನು ತೊಳೆದು, ನೀರಿನಲ್ಲಿ ತೇಲಿದವನ್ನು ಬಿಟ್ಟು, ಮುಳುಗಿದವನ್ನು ಒದ್ದೆ ಮರಳಿನಲ್ಲಿ 4 ಡಿಗ್ರಿಯ ತಣ್ಣಗಿನಲ್ಲಿ ಮೂರು ತಿಂಗಳು ಇಡುತ್ತೇನೆ. ಅನಂತರ ಬೆಚ್ಚಗಿನ ಕೋಣೆಯಲ್ಲಿ ಮೊಳಕೆ. ಇದರಲ್ಲಿ ಹೇಳುವಂಥದ್ದು ಹೆಚ್ಚಿಲ್ಲ.

ಡಿಎನ್‌ಎ ತೆಗೆಯುವ ವಿಷಯಕ್ಕೆ ಬಂದರೆ ಹೇಳುವುದು ಬಹಳವಿದೆ. ದ್ರಾಕ್ಷಿ ಎಲೆಯಲ್ಲಿ ಫೀನಾಲಿಕ್ ಪದಾರ್ಥಗಳೂ ಬಹುಶರ್ಕರಗಳೂ ತುಂಬಿರುತ್ತವೆ. ಮೊದಲನೆಯವು ಗಾಳಿ ತಗುಲಿ ಕಂದಾಗಿ ಡಿಎನ್‌ಎಗೆ ಅಂಟಿಕೊಳ್ಳುತ್ತವೆ, ಎರಡನೆಯವು ಕೊಳವೆಯ ತಳದಲ್ಲಿ ಗಂಜಿಯಂತೆ ಕೂರುತ್ತವೆ. ಆ ಗಂಜಿಯೊಳಗೆ ಡಿಎನ್‌ಎ ಇದ್ದರೂ ಪಿಸಿಆರ್, ಅಂದರೆ ಮಾರ್ಕರ್ ಓದಲು ಡಿಎನ್‌ಎ ತುಣುಕಿನ ಪ್ರತಿಗಳನ್ನು ಮಾಡುವ ಕ್ರಿಯೆ, ನಡೆಯುವುದಿಲ್ಲ. ಹೊಸಬರಿಗೆ ನಾನು ಮೊದಲು ಹೇಳುವುದು ಎಲೆಯ ವಯಸ್ಸಿನ ಬಗ್ಗೆ. ಚಿಗುರಿನ ತುದಿಯ, ಉಗುರಿನಗಲ ಬಿಚ್ಚಿದ ಎಲೆ ಸಾಕು. ಬಲಿತ ಎಲೆಯಿಂದ ಹೆಚ್ಚು ಡಿಎನ್‌ಎ ಬರುತ್ತದೆ ಎಂದು ದೊಡ್ಡ ಎಲೆ ಕೀಳುವುದು ವ್ಯರ್ಥ. ಜೀವಕೋಶ ಒಡೆದು ಡಿಎನ್‌ಎ ಬಿಡಿಸುವ ಸಿಟಿಎಬಿ ದ್ರಾವಣಕ್ಕೆ ಪಿವಿಪಿ ಮತ್ತು ಬೀಟಾ ಮರ್ಕ್ಯಾಪ್ಟೊಎಥೆನಾಲ್ ಸೇರಿಸಿದರೆ ಕಂದಾಗುವುದು ನಿಲ್ಲುತ್ತದೆ. ಉಪ್ಪಿನ ಪ್ರಮಾಣ ಏರಿಸಿ ಆಲ್ಕೊಹಾಲ್ ಹಾಕಿದರೆ ಬಹುಶರ್ಕರಗಳು ದ್ರಾವಣದಲ್ಲೇ ಉಳಿದು ಡಿಎನ್‌ಎ ಮಾತ್ರ ಕೆಳಗಿಳಿಯುತ್ತದೆ. ಅಳತೆಯ ಯಂತ್ರದಲ್ಲಿ 260 ಮತ್ತು 280 ನ್ಯಾನೊಮೀಟರ್ ಬೆಳಕನ್ನು ಹೀರುವ ಅನುಪಾತ ಚೆನ್ನಾಗಿದೆ ಎಂದು ಸಮಾಧಾನಪಡುವವರು 260 ಮತ್ತು 230ರ ಅನುಪಾತವನ್ನೂ ನೋಡಬೇಕು, ದ್ರಾಕ್ಷಿಯ ಕೊಳೆ ಕಾಣಿಸುವುದು ಅಲ್ಲಿ. ಅದು ಕೆಟ್ಟಿದ್ದರೂ ಹೆದರಬೇಕಾಗಿಲ್ಲ. ಮಾದರಿಯನ್ನು ಹತ್ತು ಪಟ್ಟು ತೆಳುಗೊಳಿಸಿದರೆ ಎಷ್ಟೋ ಸಲ ಪಿಸಿಆರ್ ತಾನಾಗಿ ನಡೆಯುತ್ತದೆ.

ತೊಂಬತ್ತಾರು ಗುಳಿಗಳ ತಟ್ಟೆಗಳಲ್ಲಿ ಕೆಲಸ ಮಾಡುವಾಗ ಪ್ರತಿ ತಟ್ಟೆಯಲ್ಲೂ ತಾಯಿ, ತಂದೆ ಮತ್ತು ಬರೀ ನೀರಿನ ಒಂದು ಗುಳಿ ಇರುತ್ತದೆ. ಇವುಗಳನ್ನು ತಟ್ಟೆಯ ಮೂಲೆಗಳಲ್ಲಿ ಸಮರೂಪವಾಗಿ ಇಡುವುದಿಲ್ಲ. ತಟ್ಟೆ ಯಾರದೋ ಕೈಯಲ್ಲಿ ತಿರುಗುಮುರುಗಾಗಿ ಕುಳಿತರೆ ಫಲಿತಾಂಶ ನೋಡಿದ ಕೂಡಲೇ ಗೊತ್ತಾಗಬೇಕು, ಅದಕ್ಕೆ. ತಂದೆತಾಯಿಯರನ್ನು ಪ್ರತಿ ಸಲವೂ ಓಡಿಸಲು ಇನ್ನೊಂದು ಕಾರಣವಿದೆ. ಒಂದೇ ತುಣುಕಿನ ಉದ್ದವನ್ನು ಒಂದು ಯಂತ್ರ ಒಂದು ರೀತಿ, ಇನ್ನೊಂದು ಯಂತ್ರ ಒಂದೆರಡು ಡಿಎನ್‌ಎ ಅಕ್ಷರ ಹೆಚ್ಚುಕಡಿಮೆ ಅಳೆಯುತ್ತದೆ. ಪ್ರಬಂಧದಲ್ಲಿ ಓದಿದ ಸಂಖ್ಯೆಯನ್ನು ನಮ್ಮ ಯಂತ್ರದಲ್ಲಿ ಹಾಗೆಯೇ ಹುಡುಕಬಾರದು.

ಇದಕ್ಕಿಂತ ಸೂಕ್ಷ್ಮವಾದ ವಿಷಯ ಮಾರ್ಕರ್‌ನ ಅರ್ಥದ್ದು. ಆರ್‌ಪಿವಿ-3 ನೆಲೆಗೆ ನಾನು ಬಳಸಿದ್ದು ಯುಡಿವಿ-305 ಮತ್ತು ಯುಡಿವಿ-737. ಇವು ಜೀನ್‌ ಅಲ್ಲ, ಜೀನ್‌ ಇರುವ ಪ್ರದೇಶದ ಗುರುತುಗಳು. ನಿರೋಧಕ ತಾಯಿಯಲ್ಲಿ ನಿರೋಧಕತೆಯ ಜೊತೆ ಸಾಗುವ ಅದೇ ಉದ್ದದ ತುಣುಕು, ರೋಗಕ್ಕೆ ತುತ್ತಾಗುವ ತಂದೆಯಲ್ಲೂ ಆಕಸ್ಮಿಕವಾಗಿ ಇರಬಹುದು. ಹಾಗಿದ್ದರೆ ಆ ಸಂಕರಣದಲ್ಲಿ ಆ ಮಾರ್ಕರ್‌ ಕುರುಡು. ಎಸ್‌ಡಿಐಗೆ ಈ ತೊಂದರೆ ಕಡಿಮೆ, ಎಜಿಎಲ್-11 ಜೀನ್‌ನೊಳಗಿನಿಂದಲೇ ಮಾಡಿದ ಮಾರ್ಕರ್ ಸಿಗುತ್ತದೆ. ಸಂಕರಣಕ್ಕೆ ಮೊದಲೇ ತಂದೆತಾಯಿಯರ ಮೇಲೆ ಎಲ್ಲ ಮಾರ್ಕರ್‌ಗಳನ್ನೂ ಓಡಿಸಿ, ಯಾವ ರೂಪ ಯಾವ ತಂತುವಿನ ಮೇಲಿದೆ ಎಂದು ಗುರುತು ಹಾಕಿಕೊಂಡ ಮೇಲೇ ನಾನು ಚಿಮುಟ ಹಿಡಿಯುವುದು.

ಎರಡನೆಯ ತಲೆಮಾರಿಗೆ ಆರ್‌ಪಿವಿ-1 ಇರುವ, ಬೀಜವಿರುವ ಬಳ್ಳಿಯನ್ನು ತಾಯಿಯಾಗಿ ತೆಗೆದುಕೊಂಡೆ. ಎಸ್‌ಡಿಐ ಮತ್ತು ಆರ್‌ಪಿವಿ-3 ಎರಡನ್ನೂ ಹೊತ್ತ ಮೊದಲ ತಲೆಮಾರಿನ ಬಳ್ಳಿ ತಂದೆ. ಬೀಜವಿಲ್ಲದ ಬಳ್ಳಿಯ ಪರಾಗಕ್ಕೆ ಯಾವ ಕೊರತೆಯೂ ಇಲ್ಲ, ಆದ್ದರಿಂದ ಅದನ್ನು ತಂದೆಯಾಗಿಸಿದರೆ ಭ್ರೂಣ ಉಳಿಸುವ ಶ್ರಮ ತಪ್ಪುತ್ತದೆ. ಸಸಿಗಳು ಎರಡೆಲೆ ಬಿಟ್ಟಾಗ ಮಾದರಿ ತೆಗೆದು ಮೊದಲು 12ನೇ ವರ್ಣತಂತುವಿನ ಮಾರ್ಕರ್ ಒಂದನ್ನೇ ನೋಡುತ್ತಿದ್ದೆ. ಅರ್ಧ ಸಸಿಗಳು ಅಲ್ಲೇ ಕಸದ ಬುಟ್ಟಿಗೆ. ಉಳಿದ ಅರ್ಧಕ್ಕೆ ಮಾತ್ರ 18ನೇ ವರ್ಣತಂತುವಿನ ಮಾರ್ಕರ್‌ಗಳು. ಇದೇ ಹಂತದಲ್ಲಿ ತಂದೆಯ ಯಾವ ಗುರುತೂ ಇಲ್ಲದ ಸಸಿಗಳು, ಅಂದರೆ ತಾಯಿ ತನ್ನದೇ ಪರಾಗದಿಂದ ಕಟ್ಟಿದವು, ಸಿಕ್ಕಿಬೀಳುತ್ತವೆ. ಎಷ್ಟು ಜಾಗ್ರತೆಯಿಂದ ಕೇಸರ ಕಿತ್ತರೂ ಕೆಲವು ಇದ್ದೇ ಇರುತ್ತವೆ.

ಚೆನ್ನಾಗಿ ಬೆಳೆಯುತ್ತಿರುವ ಹಸಿರು ಸಸಿಯನ್ನು ಒಂದು ಮಾರ್ಕರ್‌ನ ಮಾತು ಕೇಳಿ ಕಿತ್ತೆಸೆಯಲು ನನ್ನ ಜೊತೆಗಿದ್ದ ತೋಟದ ಸಹಾಯಕರಿಗೆ ಮನಸ್ಸೇ ಬರುತ್ತಿರಲಿಲ್ಲ. "ಇದೊಂದನ್ನು ಮೂಲೆಯಲ್ಲಿ ಇಟ್ಟುಕೊಳ್ಳೋಣ ಸಾರ್" ಎನ್ನುತ್ತಿದ್ದರು. ನಾನು ಒಪ್ಪುತ್ತಿರಲಿಲ್ಲ. ಮಾರ್ಕರ್‌ನ ಲಾಭವಿರುವುದೇ ಎಸೆಯುವುದರಲ್ಲಿ. ಹಂದರ, ತಂತಿ, ನೀರು, ಆಳು, ವರ್ಷಗಳು ಎಲ್ಲ ಖರ್ಚಾಗುವುದು ಉಳಿಸಿಕೊಂಡ ಸಸಿಗೆ. ಕರುಣೆಯಿಂದ ಉಳಿಸಿಕೊಂಡ ಸಸಿಗೂ ಅಷ್ಟೇ ಖರ್ಚು.

ಬೇಕಾದ ಮರುಜೋಡಣೆಯ ಮೊದಲ ಸಸಿ ಪರದೆಯ ಮೇಲೆ ಕಂಡಾಗ ನಂಬಲಿಲ್ಲ, ನಂಬಬಾರದು ಕೂಡ. ಅಪರೂಪದ ಫಲಿತಾಂಶ ಮತ್ತು ತಟ್ಟೆಯ ಗೊಂದಲ, ಎರಡೂ ಮೊದಲ ನೋಟಕ್ಕೆ ಒಂದೇ ತರಹ ಕಾಣುತ್ತವೆ. ಬೇರೆ ಎಲೆಯಿಂದ ಹೊಸದಾಗಿ ಡಿಎನ್‌ಎ ತೆಗೆದು, ಎರಡು ನೆಲೆಗಳ ಎರಡೂ ಬದಿಯ ಮಾರ್ಕರ್‌ಗಳನ್ನು ಓಡಿಸಿದೆ. ಮುರಿತ ಆರ್‌ಪಿವಿ-3ರ ಆಚೆ ಬಿದ್ದಿದೆಯೋ, ನಡುವೆ ಬಿದ್ದಿದೆಯೋ ಎಂಬುದು ಆಗ ಮಾತ್ರ ತಿಳಿಯುತ್ತದೆ. ಒಂದು ಬದಿಯ ಮಾರ್ಕರ್‌ ಮಾತ್ರ ಬಂದು ಜೀನ್‌ ಹಿಂದೆ ಉಳಿದಿರುವ ಸಸಿಗಳು ಇದ್ದವು, ಅವು ಬಿದ್ದುಹೋದವು. ಕೈಯಲ್ಲಿ ಉಳಿದದ್ದು ಬೆರಳೆಣಿಕೆಯಷ್ಟು.

ಆಮೇಲೆ ರೋಗದ ಪರೀಕ್ಷೆ. ಚಿಗುರಿನ ತುದಿಯಿಂದ ನಾಲ್ಕನೆಯದೋ ಐದನೆಯದೋ ಎಲೆ, ಎಲ್ಲ ಸಸಿಗಳಿಂದಲೂ ಅದೇ ಸ್ಥಾನದ್ದು. ಎಲೆ ಬಲಿತಷ್ಟೂ ರೋಗ ತಾನಾಗಿ ಕಡಿಮೆಯಾಗುವುದರಿಂದ ಇಲ್ಲಿ ಸಡಿಲ ಬಿಟ್ಟರೆ ಜೀನ್‌ ಬದಲು ವಯಸ್ಸನ್ನು ಅಳೆದಂತಾಗುತ್ತದೆ. ವೃತ್ತಾಕಾರದ ತುಂಡುಗಳನ್ನು ಕತ್ತರಿಸಿ, ತಳಭಾಗ ಮೇಲಾಗಿ ಒದ್ದೆ ಕಾಗದದ ಮೇಲೆ ಹಾಸುವುದು. ರೋಗಾಣು ಒಳಗೆ ನುಗ್ಗುವುದು ಪತ್ರರಂಧ್ರಗಳ ಮೂಲಕ, ಅವು ಇರುವುದು ಎಲೆಯ ಕೆಳಗೆ. ಬೀಜಾಣುಗಳ ನೀರನ್ನು ಸಿಂಪಡಿಸಿ ಮೊದಲ ರಾತ್ರಿ ಕತ್ತಲಲ್ಲಿಟ್ಟು, ಸುಮಾರು ಐದಾರು ದಿನಗಳಾದ ಮೇಲೆ ನೋಡಿದರೆ ತುತ್ತಾಗುವ ಎಲೆಯ ಮೇಲೆ ಬಿಳಿ ತುಪ್ಪಟ ಹರಡಿರುತ್ತದೆ, ನಿರೋಧಕ ಎಲೆಯಲ್ಲಿ ಕಂದು ಚುಕ್ಕೆಗಳು. ರೋಗಾಣು ಹೊಕ್ಕ ಜಾಗದ ಜೀವಕೋಶಗಳು ತಾವೇ ಸತ್ತು ಅದರ ದಾರಿ ಮುಚ್ಚುತ್ತವೆ. ಅಂಕ ಕೊಡಲು ಅಂತರರಾಷ್ಟ್ರೀಯ ದ್ರಾಕ್ಷಿ ಸಂಸ್ಥೆಯ ಮಾಪನ ಇದೆ, 1ರಿಂದ 9ರವರೆಗೆ, 9 ಅತಿ ಹೆಚ್ಚು ನಿರೋಧಕ. ಬೇರೆ ಬೆಳೆಗಳ ರೋಗದ ಮಾಪನಗಳಲ್ಲಿ 9 ಎಂದರೆ ಎಷ್ಟೋ ಕಡೆ ಅತಿ ಹೆಚ್ಚು ರೋಗ. ಹೊಸ ವಿದ್ಯಾರ್ಥಿ ಬಂದ ಮೊದಲ ದಿನವೇ ಇದನ್ನು ಗೋಡೆಗೆ ಅಂಟಿಸುತ್ತೇನೆ.

ಇಲ್ಲಿ ಒಂದೇ ರೋಗಾಣು ಬಳಸಿದರೆ ಪರೀಕ್ಷೆ ಅರ್ಧವೇ. ಸಾಮಾನ್ಯ ರೋಗಾಣುವಿಗೆ ಎರಡು ಜೀನ್‌ ಇರುವ ಸಸಿಯೂ ಒಂದಿರುವ ಸಸಿಯೂ 9 ಪಡೆಯಬಹುದು. ಆರ್‌ಪಿವಿ-3 ಅನ್ನು ಮುರಿಯಬಲ್ಲ ರೋಗಾಣುವನ್ನು ಪ್ರತ್ಯೇಕವಾಗಿ ಬಳಸಿದಾಗ ಆರ್‌ಪಿವಿ-1 ತನ್ನಷ್ಟಕ್ಕೆ ಕೆಲಸ ಮಾಡುತ್ತಿದೆಯೇ ಎಂದು ಗೊತ್ತಾಗುತ್ತದೆ. ಆರ್‌ಪಿವಿ-3 ಮರುಜೋಡಣೆಯಲ್ಲಿ ಸುರಕ್ಷಿತವಾಗಿ ಬಂದಿದೆಯೇ ಎಂದು ತಿಳಿಯಲು ಬೇರೆ ಉಪಾಯ ಮಾಡಬೇಕಾಯಿತು. ಅದೇ ಬಳ್ಳಿಯನ್ನು ರೋಗಕ್ಕೆ ತುತ್ತಾಗುವ ತಳಿಯ ಜೊತೆ ಸಂಕರಣ ಮಾಡಿ, ಆರ್‌ಪಿವಿ-1 ಬಾರದ ಮಕ್ಕಳನ್ನು ಮಾತ್ರ ಆರಿಸಿ ಪರೀಕ್ಷಿಸಿದೆ. ಅದಕ್ಕೆ ಬಳ್ಳಿ ಹೂ ಬಿಡುವವರೆಗೆ ಕಾಯಬೇಕಾಯಿತು. ಅವಸರದವರು ಈ ಹಂತವನ್ನು ಹಾರಿಸುತ್ತಾರೆ. ನಾನು ಹಾರಿಸುವುದಿಲ್ಲ.

ಹಣ್ಣು ಬಂದಾಗ ಮಾರ್ಕರ್‌ಗಳ ಮಿತಿ ಗೊತ್ತಾಗುತ್ತದೆ. ಎಸ್‌ಡಿಐ ಇದೆ ಎಂದರೆ ಬೀಜ ಪೂರ್ತಿ ಬೆಳೆಯುವುದಿಲ್ಲ ಎಂದಷ್ಟೇ. ಉಳಿಯುವ ಕುರುಹು ಎಷ್ಟು ದೊಡ್ಡದು, ಹಲ್ಲಿಗೆ ಸಿಗುತ್ತದೆಯೇ ಇಲ್ಲವೇ ಎಂಬುದನ್ನು ಇತರ ಜೀನ್‌ಗಳೂ ನಿರ್ಧರಿಸುತ್ತವೆ. ಒಂದೇ ಸಂಕರಣದ ಅಣ್ಣತಮ್ಮಂದಿರಲ್ಲಿ ಒಂದರ ಕುರುಹು ಗೊತ್ತೇ ಆಗುವುದಿಲ್ಲ, ಇನ್ನೊಂದರದು ಬಾಯಲ್ಲಿ ಕಟಕ್ಕನೆ ಸಿಗುತ್ತದೆ. ಗರಿಗರಿತನ, ಸಿಪ್ಪೆಯ ಒಗರು, ಗೊಂಚಲಿನ ಸಡಿಲಿಕೆ ಇವಕ್ಕೆ ನನ್ನ ಬಳಿ ಇದ್ದದ್ದು ಬಾಯಿ, ತಕ್ಕಡಿ ಮತ್ತು ಟಿಪ್ಪಣಿ ಪುಸ್ತಕ ಮಾತ್ರ. ಬಣ್ಣದಂಥ ಗುಣ ಸುಲಭ. ಬಿಳಿ ದ್ರಾಕ್ಷಿ ಬಿಳಿಯಾಗಲು 2ನೇ ವರ್ಣತಂತುವಿನ ಒಂದು ಜೀನ್‌ಗೆ ಗ್ರೆಟ್-1 ಎಂಬ, ಜಾಗದಿಂದ ಜಾಗಕ್ಕೆ ಜಿಗಿಯುವ ಡಿಎನ್‌ಎ ತುಣುಕು ಹೊಕ್ಕಿರುವುದು ಕಾರಣವೆಂದು 2004ರಲ್ಲೇ ಜಪಾನಿನವರು ತೋರಿಸಿದ್ದಾರೆ, ಮೊಳಕೆಯಲ್ಲೇ ಹೇಳಬಹುದು. ರುಚಿಯನ್ನು ಹಾಗೆ ಹೇಳುವ ಮಾರ್ಕರ್‌ ಬಂದಿದೆ ಎಂದು ಯಾರಾದರೂ ಹೇಳಿದರೆ ನಾನು ಹಣ್ಣನ್ನು ಕೇಳುತ್ತೇನೆ.

ಎಲೆಯ ಡಿಎನ್‌ಎ ನೋಡಿ ತಂದೆತಾಯಿ ಆರಿಸುವವರು ಇನ್ನೊಂದನ್ನೂ ನೆನಪಿಡಬೇಕು. ದ್ರಾಕ್ಷಿಯ ಚಿಗುರಿನಲ್ಲಿ ಹೊರಪದರ, ಒಳಪದರ ಎಂದು ಎರಡು ಕೋಶಪದರಗಳಿವೆ. ಪರಾಗ ಮತ್ತು ಅಂಡ ಹುಟ್ಟುವುದು ಒಳಪದರದಿಂದ. ಪಿನೊ ಮ್ಯೂನಿಯೆ ತಳಿಯ ಚಿಗುರಿನ ಬಿಳಿ ನವಿರಿಗೆ ಕಾರಣವಾದ ರೂಪಾಂತರ ಹೊರಪದರದಲ್ಲಿ ಮಾತ್ರ ಇದೆ. ಎಲೆಯಲ್ಲಿ ಎರಡೂ ಪದರ ಬೆರೆತಿರುವುದರಿಂದ ಮಾರ್ಕರ್ ಅದನ್ನು ತೋರಿಸುತ್ತದೆ, ಮಕ್ಕಳಿಗೆ ಮಾತ್ರ ಹೋಗುವುದಿಲ್ಲ. ತಲೆಮಾರುಗಳಿಂದ ಕಡ್ಡಿ ನೆಟ್ಟೇ ಬೆಳೆಸಿಕೊಂಡು ಬಂದ ಬೆಳೆಯಲ್ಲಿ ಇಂಥವು ವಿರಳವೇನಲ್ಲ.

ಈ ನಡುವೆ ಮೊದಲ ತಲೆಮಾರಿನಲ್ಲೇ ಆರ್‌ಪಿವಿ-3 ಮಾತ್ರ ಇರುವ, ಬೀಜವಿಲ್ಲದ, ಹಣ್ಣು ಸಾಕಷ್ಟು ಚೆನ್ನಾಗಿರುವ ಬಳ್ಳಿಯೊಂದು ಸಿಕ್ಕಿತ್ತು. ಅದನ್ನು ಬಿಡುಗಡೆ ಮಾಡಿಬಿಡೋಣ, ಎರಡು ಜೀನ್‌ನದು ಬಂದಾಗ ಬರಲಿ ಎಂಬ ಒತ್ತಡವೂ ಬಂತು. ನಾನು ವಿರೋಧಿಸಿದೆ. ಒಂಟಿ ಜೀನ್‌ನ ತಳಿ ತೋಟಗಳಲ್ಲಿ ಹರಡಿದರೆ ಅದನ್ನು ಮುರಿಯುವ ರೋಗಾಣುವನ್ನು ನಾವೇ ಸಾಕಿ ಬೆಳೆಸಿದಂತೆ. ಆಮೇಲೆ ಬರುವ ಎರಡು ಜೀನ್‌ನ ತಳಿ ಹುಟ್ಟಿದ ದಿನವೇ ಒಂದು ಜೀನ್‌ನದಾಗಿರುತ್ತದೆ. ಸಿಂಪಡಣೆ ಕಡಿಮೆಯಾಗುವುದು ಇವತ್ತೇ ಬೇಕಲ್ಲ ಎಂಬ ವಾದದಲ್ಲೂ ಹುರುಳಿದೆ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೂ ಆ ಬಳ್ಳಿ ಇವತ್ತಿಗೂ ತಳಿ ಸಂಗ್ರಹದ ಸಾಲಿನಲ್ಲೇ ಇದೆ.

ಈಗ ಕೈಯಲ್ಲಿರುವ ಮರುಜೋಡಿತ ಬಳ್ಳಿಗಳಲ್ಲಿ ಕಾಯಿಯ ಗಾತ್ರ ಸಾಲದು. ಅವುಗಳ ಪರಾಗವನ್ನು ದೊಡ್ಡ ಕಾಯಿಯ, ಬೀಜವಿರುವ ತಿನ್ನುವ ದ್ರಾಕ್ಷಿಗೆ ಹಚ್ಚುತ್ತಿದ್ದೇನೆ. ಹಿಂದೆ ದೂರ ಎಳೆಯುತ್ತಿದ್ದ ಸಂಬಂಧ ಈಗ ನಮ್ಮ ಕಡೆಗಿದೆ. ಎಸ್‌ಡಿಐ ಮತ್ತು ಆರ್‌ಪಿವಿ-3 ಒಂದೇ ತಂತುವಿನ ಮೇಲೆ ಅಕ್ಕಪಕ್ಕ ಕುಳಿತಿರುವುದರಿಂದ ನೂರಕ್ಕೆ ತೊಂಬತ್ತೈದು ಸಲ ಒಟ್ಟಿಗೇ ಸಾಗುತ್ತವೆ. ಅದೇ 5 ಸೆಂಟಿಮಾರ್ಗನ್ ಲೆಕ್ಕದಲ್ಲಿ ಆರ್‌ಪಿವಿ-1 ಸೇರಿ ಮೂರೂ ಇರುವ ಸಸಿ 80ಕ್ಕೆ ಒಂದು ಸಿಗುತ್ತಿದ್ದದ್ದು ಈಗ ಹೆಚ್ಚುಕಡಿಮೆ 4ಕ್ಕೆ ಒಂದು. 18ನೇ ವರ್ಣತಂತುವಿಗೆ ಮೊದಲ ಸುತ್ತಿನಲ್ಲಿ ಎಜಿಎಲ್-11ರ ಮಾರ್ಕರ್ ಒಂದನ್ನೇ ಓಡಿಸುತ್ತೇನೆ, ಯುಡಿವಿ ಮಾರ್ಕರ್‌ಗಳು ಹಂದರಕ್ಕೆ ಹೋಗುವ ಸಸಿಗಳಿಗೆ ಮಾತ್ರ. ಉಳಿತಾಯವಾದ ತಟ್ಟೆಗಳಲ್ಲಿ 9ನೇ ವರ್ಣತಂತುವಿನ ಆರ್‌ಪಿವಿ-10ರ ಮಾರ್ಕರ್‌ಗಳನ್ನು ಪರೀಕ್ಷಿಸುವ ಕೆಲಸ ಶುರುವಾಗಿದೆ. ಅದು ಏಷ್ಯಾದ ಅಮುರೆನ್ಸಿಸ್ ದ್ರಾಕ್ಷಿಯಿಂದ ಬಂದದ್ದು, 18ನೇ ವರ್ಣತಂತುವಿನ ತಂಟೆಗೆ ಬರುವುದಿಲ್ಲ.